ರೆಕ್ಕೆ ಬಿಚ್ಚಿ, ಟ್ರೈಲರ್ ಏರಿಸಿ, ಮತ್ತೆ ಜೋಡಿಸುವುದು: ಮನೆಯಲ್ಲಿ ಕಟ್ಟಿದ ಪುಟ್ಟ ವಿಮಾನಗಳಿಗೆ ಒಂದು ಮಾರ್ಗದರ್ಶಿ

ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂತು ವಿಮಾನ ಕಟ್ಟಿ ಮುಗಿಸಿದ ಮೇಲೆ ಅದನ್ನು ಇಡುವುದು ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಬ್ರಿಟನ್ನಿನಲ್ಲಾಗಲಿ ಅಮೆರಿಕದಲ್ಲಾಗಲಿ ಹ್ಯಾಂಗರ್ ಸಿಗುವುದು ಸುಲಭ ಅಲ್ಲ, ಸಿಕ್ಕರೂ ಬಾಡಿಗೆ ಜಾಸ್ತಿ. ಅದಕ್ಕೇ ರೆಕ್ಕೆ ಬಿಚ್ಚಿ ಟ್ರೈಲರ್ ಮೇಲೆ ಮನೆಗೆ ತರಬಹುದಾದ ವಿಮಾನಗಳಿಗೆ ಇಷ್ಟು ಬೇಡಿಕೆ. ಶನಿವಾರ ಬೆಳಿಗ್ಗೆ ಎಳೆದುಕೊಂಡು ಹೋಗಿ, ಜೋಡಿಸಿ, ಹಾರಿ, ಸಂಜೆ ವಾಪಸ್ ತಂದು ಮನೆ ಪಕ್ಕ ನಿಲ್ಲಿಸಬಹುದು.

ಇದು ಆಗುವ ಕೆಲಸ. ಗ್ಲೈಡರ್ ಹಾರಿಸುವವರು ಎಷ್ಟೋ ದಶಕಗಳಿಂದ ಇದನ್ನೇ ಮಾಡುತ್ತಿದ್ದಾರೆ. ಆದರೆ ಒಂದು ಮಾತು ಮೊದಲೇ ಮನಸ್ಸಿನಲ್ಲಿ ಕೂರಬೇಕು. ರೆಕ್ಕೆ ಎತ್ತುವುದು, ಸಾಗಿಸುವುದು ಎಲ್ಲ ಮೈಬಲದ ಕೆಲಸ, ಒಂದೆರಡು ಸಲ ಮಾಡಿದರೆ ಬಂದುಬಿಡುತ್ತದೆ. ಅಪಾಯ ಇರುವುದು ಮರೆವಿನಲ್ಲಿ. ಒಂದು ಪಿನ್ ಹಾಕಲು ಮರೆತರೆ, ರೆಕ್ಕೆ, ಬಾಲದ ಆಡುವ ಭಾಗಗಳನ್ನು ಪೈಲಟ್ ಕೈಗೆ ಜೋಡಿಸುವ ಒಂದು ಕಂಟ್ರೋಲ್ ರಾಡ್ ಕೂರದೇ ಉಳಿದರೆ, ನೆಲದ ಮೇಲೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ನೀವು ಮರದ ತುದಿಗಿಂತ ಮೇಲಿರುತ್ತೀರಿ. ಹಾಗಾಗಿ ಈ ಲೇಖನದಲ್ಲಿ ಎತ್ತುವ ವಿಷಯ ಕಡಿಮೆ, ಪರೀಕ್ಷಿಸುವ ವಿಷಯ ಜಾಸ್ತಿ.

ನಿಮ್ಮ ವಿಮಾನ ಯಾವ ಜಾತಿಯದು?

ರೆಕ್ಕೆ ತೆಗೆಯುವ ವಿಮಾನಗಳೆಲ್ಲ ಒಂದೇ ತರಹ ಇರುವುದಿಲ್ಲ.

ಒಂದು, ಮಡಚುವ ರೆಕ್ಕೆ. 1984ರಲ್ಲಿ ಅಮೆರಿಕದ ಐಡಹೊ ರಾಜ್ಯದಲ್ಲಿ ಡ್ಯಾನ್ ಡೆನ್ನಿ ಶುರುಮಾಡಿದ ಕಿಟ್‌ಫಾಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆಗೆ ಸ್ಪಾರ್ ಅನ್ನುತ್ತಾರೆ. ಮುಂದಿನ ಸ್ಪಾರ್‌ನ ಪಿನ್ ತೆಗೆದರೆ ರೆಕ್ಕೆ ಹಿಂದಿನ ಸ್ಪಾರ್‌ನ ಕೀಲಿನ ಮೇಲೆ ತಿರುಗಿ ಬಾಲದ ಕಡೆ ಮಲಗುತ್ತದೆ. ರೆಕ್ಕೆ ವಿಮಾನದಿಂದ ಬೇರೆಯಾಗುವುದೇ ಇಲ್ಲ. ಅಭ್ಯಾಸ ಇದ್ದರೆ ಒಬ್ಬರೇ ಮಾಡಬಹುದು.

ಎರಡು, ಪೂರ್ತಿ ಹೊರಗೆಳೆಯುವ ರೆಕ್ಕೆ. ಬ್ರಿಟನ್ನಿನ ಇವಾನ್ ಶಾ ವಿನ್ಯಾಸ ಮಾಡಿ, 1992ರಲ್ಲಿ ಮೊದಲು ಹಾರಿದ ಯೂರೋಪಾ ವಿಮಾನವನ್ನು ಮನೆಯಲ್ಲಿ ಟ್ರೈಲರ್ ಮೇಲೆ ಇಡಬೇಕು ಅಂತಲೇ ರೂಪಿಸಲಾಗಿತ್ತು. ಎರಡೂ ರೆಕ್ಕೆಗಳ ಸ್ಪಾರ್‌ಗಳು ಸೀಟಿನ ಹಿಂದೆ ಒಂದರ ಪಕ್ಕ ಒಂದು ಬಂದು ಸೇರುತ್ತವೆ, ಅವನ್ನು ಪಿನ್‌ಗಳು ಹಿಡಿದಿಡುತ್ತವೆ. ರೆಕ್ಕೆ ಒಳಗೆ ಸರಿಯುತ್ತಿದ್ದ ಹಾಗೇ, ವಿಮಾನವನ್ನು ಪಕ್ಕಕ್ಕೆ ಹೊರಳಿಸುವ ಹಿಂದಿನ ಅಂಚಿನ ಹಲಗೆಯಾದ ಏಲೆರಾನ್‌ನ ಜೋಡಣೆ ತಾನಾಗಿಯೇ ಕೂರುತ್ತದೆ. ಬಾಲದ ರೆಕ್ಕೆಗಳೂ ಒಂದು ಕೊಳವೆಯ ಮೇಲೆ ಸರಿದು ಹೊರಬರುತ್ತವೆ.

ಮೂರು, ಬಿಚ್ಚಬಹುದು, ಆದರೆ ನಟ್ ಬೋಲ್ಟ್ ಕೆಲಸ ಜಾಸ್ತಿ. ವಿಸ್ಕಾನ್ಸಿನ್‌ನ ಆಷ್‌ಕಾಷ್ ಊರಿನ ಜಾನ್ ಮೊನೆಟ್ ಅವರ ಸೋನೆಕ್ಸ್ ಈ ಗುಂಪಿಗೆ ಹತ್ತಿರ. ನಮ್ಮ ಬೆಂಗಳೂರಿನ ರಾಜ್ ಹಂಸ ಕಂಪನಿಯಲ್ಲಿ ತಯಾರಾಗಿ ಬ್ರಿಟನ್, ಫ್ರಾನ್ಸ್ ಕಡೆಗೆಲ್ಲ ಹೋದ ಎಕ್ಸ್-ಏರ್ ಕಿಟ್‌ಗಳನ್ನೂ ಇಲ್ಲಿ ನೆನೆಯಬೇಕು. ಅಲ್ಯೂಮಿನಿಯಂ ಕೊಳವೆ, ಮೇಲೆ ಬಟ್ಟೆ, ಕೆಳಗೆ ಆನಿಕೆಯ ಕಂಬಿ. ಅಲ್ಲಿನ ಎಷ್ಟೋ ಹವ್ಯಾಸಿಗಳು ಕಟ್ಟಿದ ಮೊದಲ ವಿಮಾನ ನಮ್ಮೂರಿನಿಂದ ಹೋದ ಪೆಟ್ಟಿಗೆಯಿಂದಲೇ ಹೊರಬಂದದ್ದು ಎಂಬುದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ.

ಪ್ರತಿ ವಾರ ಬಿಚ್ಚಿ ಜೋಡಿಸುವ ಯೋಚನೆ ಇದ್ದರೆ ಮೊದಲ ಎರಡು ಬಗೆಗಳನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಮೂರನೆಯದನ್ನು ಚಳಿಗಾಲದಲ್ಲೊಮ್ಮೆ, ವಾರ್ಷಿಕ ತಪಾಸಣೆಗೊಮ್ಮೆ ಬಿಚ್ಚಿದರೆ ಸಾಕು. ಪ್ರತಿ ಸಲ ಹತ್ತು ಹನ್ನೆರಡು ಬೋಲ್ಟ್ ಬಿಗಿಯುವ ಕೆಲಸ ಇದ್ದರೆ ಯಾವತ್ತೋ ಒಂದು ದಿನ ಅವಸರದಲ್ಲಿ ಒಂದು ತಪ್ಪಿಹೋಗುತ್ತದೆ.

ಬಿಚ್ಚುವ ಮೊದಲು

ಕೈಪಿಡಿ ಓದಿ. ನಿಮ್ಮ ವಿಮಾನದ ಕೈಪಿಡಿ ಹೇಳಿದ್ದಕ್ಕೂ ಇಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಬಂದರೆ ಕೈಪಿಡಿಯೇ ಸರಿ. ಅದರಲ್ಲೂ ಯಾವ ರೆಕ್ಕೆ ಮೊದಲು ಬರಬೇಕು, ಇಳಿಯುವಾಗ ರೆಕ್ಕೆಯ ಹಿಂದೆ ಇಳಿಬಿಡುವ ಫ್ಲ್ಯಾಪ್ ಯಾವ ಸ್ಥಾನದಲ್ಲಿರಬೇಕು ಎಂಬ ಎರಡು ವಿಷಯ ವಿಮಾನದಿಂದ ವಿಮಾನಕ್ಕೆ ಬದಲಾಗುತ್ತವೆ. ಅಂದಾಜಿನ ಮೇಲೆ ಮಾಡಬೇಡಿ.

ಇಂಧನ ಎಲ್ಲಿದೆ ನೋಡಿಕೊಳ್ಳಿ. ಯೂರೋಪಾ, ಸೋನೆಕ್ಸ್‌ಗಳಲ್ಲಿ ಟ್ಯಾಂಕ್ ಒಡಲಿನಲ್ಲಿದೆ, ರೆಕ್ಕೆ ಖಾಲಿ. ಕಿಟ್‌ಫಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಪೆಟ್ರೋಲ್ ರೆಕ್ಕೆಯಲ್ಲೇ ಇರುತ್ತದೆ. 40 ಲೀಟರ್ ಪೆಟ್ರೋಲ್ ಅಂದರೆ ಹೆಚ್ಚುಕಡಿಮೆ 29 ಕಿಲೋ. ಅಷ್ಟು ಭಾರ ಹೊತ್ತ ರೆಕ್ಕೆ ಮಡಚಿದಾಗ ಬಾಲದ ಕಡೆ ಹೋಗುತ್ತದೆ. ಬಾಲದ ಚಕ್ರದ ಮೇಲೆ, ಕೀಲಿನ ಮೇಲೆ ಬೀಳುವ ಹೊರೆ ಏಕಾಏಕಿ ಏರುತ್ತದೆ. ಜೊತೆಗೆ ಟ್ಯಾಂಕಿನ ಗಾಳಿ ಕಿಂಡಿಯಿಂದ ಪೆಟ್ರೋಲ್ ಸೋರುವ ಅಪಾಯ ಬೇರೆ. ಮಡಚುವ ಮೊದಲು ಖಾಲಿ ಮಾಡಿ. ಆಗಲಿಲ್ಲ ಅಂದರೆ ಆದಷ್ಟು ಇಳಿಸಿ. ಬ್ಯಾಟರಿ ತಂತಿ ಬಿಚ್ಚಿ. ಸ್ವಿಚ್‌ಗಳೆಲ್ಲ ಆಫ್ ಇವೆಯಾ ಅಂತ ನೋಡಿ.

ಗಾಳಿ ನೋಡಿ. ನಾಲ್ಕು ಮೀಟರ್ ಉದ್ದದ ರೆಕ್ಕೆ ಕೈಯಲ್ಲಿರುವಾಗ ಒಂದು ಜೋರಾದ ಬೀಸು ಬಂದರೆ ಇಬ್ಬರು ಗಟ್ಟಿಮುಟ್ಟಾದವರೂ ತತ್ತರಿಸುತ್ತಾರೆ. ಕಟ್ಟಡದ ಮರೆಗೆ ಹೋಗಿ. ಅಲ್ಲೂ ಗಾಳಿ ಸುಳಿಯುತ್ತಿದ್ದರೆ ಅವತ್ತು ಬಿಟ್ಟುಬಿಡಿ.

ಇನ್ನೊಂದು, ಎರಡು ಸ್ಟ್ಯಾಂಡ್ ಹೊಂದಿಸಿಕೊಳ್ಳಿ. ಒಂದು ರೆಕ್ಕೆ ತೆಗೆದ ಕೂಡಲೇ ವಿಮಾನ ಇನ್ನೊಂದು ಕಡೆಗೆ ವಾಲುತ್ತದೆ. ಯೂರೋಪಾದ ಒಂಟಿ ಚಕ್ರದ ಮಾದರಿಯಲ್ಲಂತೂ ಇದು ಖಂಡಿತ. ಉಳಿದ ರೆಕ್ಕೆಯ ತುದಿಯ ಕೆಳಗೆ ಮೆತ್ತೆ ಹಾಕಿದ ಸ್ಟ್ಯಾಂಡ್ ಇಟ್ಟ ಮೇಲೆಯೇ ಮೊದಲ ಪಿನ್‌ಗೆ ಕೈ ಹಾಕಿ.

ಬಿಚ್ಚುವುದು

ಮೊದಲು ಕಂಟ್ರೋಲ್ ಜೋಡಣೆಗಳು, ವೇಗ ಅಳೆಯುವ ಪಿಟೊ ಕೊಳವೆ, ದೀಪದ ತಂತಿಗಳು. ಆಮೇಲೆ ರೆಕ್ಕೆಯ ಪಿನ್‌ಗಳು. ಕೈಯಿಂದ ಸೇರಿಸುವ ಏಲೆರಾನ್ ರಾಡ್ ಇರುವ ವಿಮಾನದಲ್ಲಿ ಅದನ್ನು ಬಿಚ್ಚದೆ ರೆಕ್ಕೆ ಎಳೆದರೆ ರಾಡ್ ಬಾಗುತ್ತದೆ. ಬಾಗಿದ ರಾಡನ್ನು ನೇರ ಮಾಡಿ ಮತ್ತೆ ಬಳಸುವ ಹಾಗಿಲ್ಲ. ಹೊಸದೇ ಬೇಕು.

ಪಿನ್ ಹೊರಬರಬೇಕಾದರೆ ಅದರ ಮೇಲೆ ಭಾರ ಇರಬಾರದು. ರೆಕ್ಕೆಯ ತುದಿ ಹಿಡಿದವರು ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ ಆಡಿಸುತ್ತಿದ್ದರೆ ಒಂದು ಹಂತದಲ್ಲಿ ಪಿನ್ ಬೆರಳಿಗೇ ಸಡಿಲವಾಗಿ ಸಿಗುತ್ತದೆ. ಆ ಹಂತ ಹುಡುಕುವುದೇ ಕೈಚಳಕ. ಸುತ್ತಿಗೆ ಎತ್ತಿಕೊಳ್ಳಬೇಡಿ. ಪಿನ್ ಕೂರುವ ತೂತು ಬಹಳ ನಿಖರವಾಗಿ ಕೊರೆದದ್ದು. ಅಲ್ಲಿ ಬಿದ್ದ ಗೀರು ಮುಂದೆ ಸವೆತಕ್ಕೆ, ಸವೆತ ಸಡಿಲಕ್ಕೆ ದಾರಿ.

ತೆಗೆದ ಪಿನ್ ನೆಲಕ್ಕಿಡಬಾರದು, ಜೇಬಿಗೂ ಹಾಕಬಾರದು. ಎರಡು ಪದ್ಧತಿ ಚೆನ್ನಾಗಿ ನಡೆಯುತ್ತವೆ. ಒಂದು, ರೆಕ್ಕೆ ಹೊರಬಂದ ತಕ್ಷಣ ಪಿನ್ನನ್ನು ಅದೇ ತೂತಿಗೆ ವಾಪಸ್ ಹಾಕಿ ಅದರ ಸೇಫ್ಟಿ ಕ್ಲಿಪ್ ಕೂರಿಸುವುದು. ಇನ್ನೊಂದು, ಒಂದು ಹಲಗೆಯ ಮೇಲೆ ಪ್ರತಿ ಪಿನ್‌ನ ಆಕಾರ ಬರೆದು, ಎಡ ಬಲ ಅಂತ ಗುರುತು ಹಾಕಿ, ಅಲ್ಲೇ ನೇತುಹಾಕುವುದು. ನನಗೆ ಹಲಗೆಯೇ ಇಷ್ಟ. ಜೋಡಣೆ ಮುಗಿದ ಮೇಲೆ ಹಲಗೆಯಲ್ಲಿ ಒಂದು ಪಿನ್ ಉಳಿದಿದ್ದರೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ರೆಕ್ಕೆ ಹೊರುವಾಗ ಬುಡದ ಕಡೆ ಭಾರ ಜಾಸ್ತಿ, ತುದಿಯ ಕಡೆ ಹಗುರ. ಬಲವಾದವರು ಬುಡಕ್ಕೆ ನಿಲ್ಲಲಿ. ಮಾತು ಒಬ್ಬರದೇ ಇರಲಿ. "ಎತ್ತು", "ನಿಲ್ಲು", "ಇಳಿಸು" ಅಂತ ಹೇಳುವವರು ಬುಡ ಹಿಡಿದವರು. ಇಬ್ಬರೂ ಸಲಹೆ ಕೊಡಲು ಶುರುಮಾಡಿದರೆ ರೆಕ್ಕೆ ಒಡಲಿಗೆ ಬಡಿಯುವುದು ಗ್ಯಾರಂಟಿ. ಏಲೆರಾನ್, ಫ್ಲ್ಯಾಪ್ ಹಿಡಿದು ಎತ್ತಬೇಡಿ. ಬಟ್ಟೆ ಹೊದಿಸಿದ ರೆಕ್ಕೆಯಾದರೆ ಬಟ್ಟೆಯ ಒಳಗಿನ ಅಡ್ಡಪಟ್ಟಿ, ಅಂದರೆ ಪಕ್ಕೆಲುಬಿನ ಜಾಗ ಅಥವಾ ಸ್ಪಾರ್ ಹಿಡಿಯಿರಿ. ನಡುವಿನ ಬಟ್ಟೆಗೆ ಹೆಬ್ಬೆರಳು ಒತ್ತಿದರೂ ಗುಳಿ ಬೀಳುತ್ತದೆ.

ಮಡಚುವ ರೆಕ್ಕೆಯವರಿಗೆ ಒಂದು ಎಚ್ಚರಿಕೆ. ಮುಂದಿನ ಪಿನ್ ತೆಗೆದ ಮೇಲೆ ರೆಕ್ಕೆಯ ಬುಡದ ಮುಂಭಾಗಕ್ಕೆ ಆಧಾರ ಇರುವುದಿಲ್ಲ. ಅದಕ್ಕೆ ಅಂತಲೇ ಒಂದು ತಾತ್ಕಾಲಿಕ ಆನಿಕೆ ಕಂಬಿ ಕೊಟ್ಟಿರುತ್ತಾರೆ. ಅದನ್ನು ಹಾಕದೆ ಮಡಚಿದರೆ ಹಿಂದಿನ ಕೀಲು ತಿರುಚಿಕೊಳ್ಳುತ್ತದೆ.

ಟ್ರೈಲರ್

ಮುಚ್ಚಿದ ಟ್ರೈಲರ್ ಒಳ್ಳೆಯದಾ, ತೆರೆದದ್ದಾ? ದುಡ್ಡಿದ್ದರೆ, ಮನೆ ಹತ್ತಿರ ಜಾಗ ಇದ್ದರೆ ಮುಚ್ಚಿದ್ದೇ. ಅದೇ ನಿಮ್ಮ ಹ್ಯಾಂಗರ್ ಆಗುತ್ತದೆ. ಜರ್ಮನಿಯ ಕೋಬ್ರಾ ಟ್ರೈಲರ್‌ಗಳನ್ನು ಗ್ಲೈಡರ್ ಕ್ಲಬ್‌ಗಳಲ್ಲಿ ನೋಡಿದರೆ ಆಸೆಯಾಗುತ್ತದೆ. ಮೇಲ್ಭಾಗ ಪೂರ್ತಿ ಎತ್ತಿಕೊಳ್ಳುತ್ತದೆ, ಒಳಗೆ ಪ್ರತಿಯೊಂದು ಭಾಗಕ್ಕೂ ಅದರದ್ದೇ ತೊಟ್ಟಿಲು. ಆದರೆ ಹವ್ಯಾಸಿಗಳಲ್ಲಿ ಜಾಸ್ತಿ ಜನ ತೆರೆದ ಟ್ರೈಲರ್‌ನಲ್ಲೇ ಕೆಲಸ ನಡೆಸುತ್ತಾರೆ. ಅದೂ ಸರಿಯೇ, ಹೊದಿಕೆ ಮತ್ತು ಕಟ್ಟುವುದರಲ್ಲಿ ಶ್ರದ್ಧೆ ಇದ್ದರೆ.

ಅಗಲದ ಮಿತಿ ಗೊತ್ತಿರಲಿ. ಬ್ರಿಟನ್ನಿನಲ್ಲಿ 2.55 ಮೀಟರ್, ಅಮೆರಿಕದಲ್ಲಿ ಸಾಮಾನ್ಯವಾಗಿ ಎಂಟೂವರೆ ಅಡಿ, ಅಂದರೆ ಸುಮಾರು 2.6 ಮೀಟರ್. ರೆಕ್ಕೆ ತೆಗೆದ ಮೇಲೆ ಒಡಲು ಎಷ್ಟು ಸಣ್ಣದಾದರೂ ಬಾಲದ ಅಡ್ಡ ರೆಕ್ಕೆ ಈ ಮಿತಿ ಮುಟ್ಟಬಹುದು. ಟೇಪ್ ಹಿಡಿದು ಅಲ್ಲೇ ಅಳೆಯಿರಿ. ಸ್ಪ್ರಿಂಗ್ ಅಥವಾ ರಬ್ಬರ್ ಸಸ್ಪೆನ್ಷನ್ ಮೆತ್ತಗಿರುವ, ಬ್ರೇಕ್ ಇರುವ ಟ್ರೈಲರ್ ನೋಡಿ. ಟನ್‌ಗಟ್ಟಲೆ ಹೊರುವ ಟ್ರೈಲರ್ ಮೇಲೆ ಹಗುರ ವಿಮಾನ ಇಟ್ಟರೆ ಸ್ಪ್ರಿಂಗ್ ಬಾಗುವುದೇ ಇಲ್ಲ. ರಸ್ತೆಯ ಪ್ರತಿ ಗುಂಡಿಯ ಏಟೂ ನೇರ ವಿಮಾನಕ್ಕೆ ಬೀಳುತ್ತದೆ.

ವಿಮಾನವನ್ನು ಅದರ ಚಕ್ರದ ಮೇಲೆಯೇ ಹೈವೇಯಲ್ಲಿ ಎಳೆದುಕೊಂಡು ಹೋಗಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಆ ಪುಟ್ಟ ಚಕ್ರ, ಬೇರಿಂಗ್‌ಗಳು ಕೆಲವು ನೂರು ಮೀಟರ್ ಓಡಲು ಮಾಡಿದವು. ಗಂಟೆಗಟ್ಟಲೆ ಓಡಿದರೆ ಕಾದು ಕೆಡುತ್ತವೆ.

ಹೇರುವುದು, ಕಟ್ಟುವುದು

ಭಾರದ ಲೆಕ್ಕ ಇಲ್ಲಿ ಮುಖ್ಯ. ಟ್ರೈಲರ್‌ನ ಮೂಗು ಕಾರಿನ ಕೊಕ್ಕೆಯ ಮೇಲೆ ಸಾಕಷ್ಟು ಭಾರ ಹಾಕಬೇಕು. ಅಮೆರಿಕದಲ್ಲಿ ಒಟ್ಟು ಭಾರದ 10ರಿಂದ 15 ಶೇಕಡಾ ಅನ್ನುತ್ತಾರೆ. ಬ್ರಿಟನ್ನಿನಲ್ಲಿ 5ರಿಂದ 7 ಶೇಕಡಾ ಸಾಕು ಅನ್ನುತ್ತಾರೆ. ನಿಮ್ಮ ಕಾರು, ಟ್ರೈಲರ್‌ಗಳ ಮಿತಿ ಮೀರದ ಹಾಗೆ ನೋಡಿಕೊಳ್ಳಿ. ಮೂಗು ಹಗುರವಾದರೆ ವೇಗದಲ್ಲಿ ಟ್ರೈಲರ್ ಹಾವಿನ ಹಾಗೆ ಹೊರಳಾಡಲು ಶುರುಮಾಡುತ್ತದೆ. ವಿಮಾನದ ಅತಿ ಭಾರದ ಭಾಗ ಎಂಜಿನ್. ಅದು ಟ್ರೈಲರ್‌ನ ಆಕ್ಸಲ್‌ಗಿಂತ ತುಸು ಮುಂದೆ ಬರುವ ಹಾಗೆ ಒಡಲನ್ನು ನಿಲ್ಲಿಸಿ, ಆಮೇಲೆ ಚಕ್ರಕ್ಕೆ ತಡೆಕಟ್ಟೆಗಳನ್ನು ಬೋಲ್ಟ್ ಮಾಡಿ. ಒಮ್ಮೆ ಜಾಗ ಸರಿಹೋದರೆ ಮುಂದಿನ ಸಲ ಯೋಚಿಸುವ ಕೆಲಸವಿಲ್ಲ.

ಬೆಲ್ಟ್ ಹಾಕಬೇಕಾದ್ದು ವಿಮಾನದ ಚಕ್ರದ ಆಕ್ಸಲ್‌ಗೆ, ಇಲ್ಲವೇ ಕೈಪಿಡಿ ತೋರಿಸಿದ ಗಟ್ಟಿ ಜಾಗಕ್ಕೆ. ಒಡಲಿನ ಮೇಲೆ ಅಡ್ಡಲಾಗಿ ಬೆಲ್ಟ್ ಹಾಕಿ, ಅದನ್ನು ಬಿಗಿಯುವ ರ‍್ಯಾಚೆಟ್ ಎಳೆದರೆ ಫೈಬರ್ ಒಡಲು ಬಿರಿಯುತ್ತದೆ, ಕೊಳವೆಯ ಒಡಲು ನೆಗ್ಗುತ್ತದೆ. ರ‍್ಯಾಚೆಟ್‌ಗೆ ಎಷ್ಟು ಬಲ ಇದೆ ಅಂತ ಕೈಗೆ ತಿಳಿಯುವುದಿಲ್ಲ. ವಿಮಾನ ಅಲ್ಲಾಡದಿದ್ದರೆ ಸಾಕು, ಟ್ರೈಲರ್‌ಗೆ ಅಂಟಿಕೊಳ್ಳಬೇಕಿಲ್ಲ. ಬಾಲದ ಚಕ್ರ ಅಥವಾ ಮೂಗಿನ ಚಕ್ರವನ್ನೂ ಮೇಲಕ್ಕೆ ಪುಟಿಯದ ಹಾಗೆ, ಪಕ್ಕಕ್ಕೆ ಜಾರದ ಹಾಗೆ ಕಟ್ಟಿ.

ಬಿಚ್ಚಿದ ರೆಕ್ಕೆಗಳನ್ನು ಮುಂಚೂಣಿ ಅಂಚು ಕೆಳಗೆ ಬರುವ ಹಾಗೆ ತೊಟ್ಟಿಲಲ್ಲಿ ನಿಲ್ಲಿಸುವುದು ರೂಢಿ. ಬುಡದಲ್ಲಿ ಭಾರ ಸ್ಪಾರ್‌ನ ಮೇಲೆ ಇರಲಿ. ಇನ್ನೊಂದು ಆಧಾರ ತುದಿಯ ಕಡೆ, ಪಕ್ಕೆಲುಬು ಇರುವ ಜಾಗದಲ್ಲಿ. ತೊಟ್ಟಿಲಿನ ಆಕಾರ ರೆಕ್ಕೆಯ ಅಂಚಿಗೆ ಸರಿಯಾಗಿ ಹೊಂದಬೇಕು. ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ನೂರು ಕಿಲೋಮೀಟರ್ ಹೊತ್ತಿಗೆ ಅಲ್ಲೊಂದು ನೆಗ್ಗು ಕಾಣುತ್ತದೆ. ತೊಟ್ಟಿಲಿಗೆ ಕಾರ್ಪೆಟ್ ತುಂಡು ಅಂಟಿಸುವುದು ಒಳ್ಳೆಯದೇ. ಆದರೆ ಮಳೆಯಲ್ಲಿ ಅದು ನೀರು ಕುಡಿದು ವಾರಗಟ್ಟಲೆ ಒದ್ದೆಯಾಗಿರುತ್ತದೆ. ಮೇಲಿರುವ ಬಣ್ಣ ಗುಳ್ಳೆ ಏಳುತ್ತದೆ, ಮರದ ರೆಕ್ಕೆಯಾದರೆ ಕೊಳೆಯುತ್ತದೆ. ನೆನೆದ ಟ್ರೈಲರ್ ಮನೆಗೆ ಬಂದ ಮೇಲೆ ರೆಕ್ಕೆ ಎತ್ತಿ ಕಾರ್ಪೆಟ್ ಒಣಗಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಮಡಚಿದ ರೆಕ್ಕೆಯನ್ನು ಕೀಲಿನ ಮೇಲೆ ಮತ್ತು ಬಾಲದ ಹತ್ತಿರದ ಒಂದು ಕಂಬಿಯ ಮೇಲೆ ಮಾತ್ರ ಬಿಟ್ಟು ದೂರ ಹೋಗಬೇಡಿ. ರಸ್ತೆಯಲ್ಲಿ ರೆಕ್ಕೆ ಮೇಲೆ ಕೆಳಗೆ ಕುಣಿಯುತ್ತದೆ, ಆ ಕುಣಿತವೆಲ್ಲ ಕೀಲಿಗೆ ಬೀಳುತ್ತದೆ. ರೆಕ್ಕೆಯ ಕೆಳಗೆ ಟ್ರೈಲರ್‌ನಿಂದಲೇ ಎದ್ದ ಒಂದು ಮೆತ್ತೆಯ ಆಧಾರ ಕೊಡಿ.

ಏಲೆರಾನ್, ಬಾಲದ ಅಡ್ಡ ರೆಕ್ಕೆಯ ಎಲಿವೇಟರ್, ಬಾಲದ ನಿಂತ ರೆಕ್ಕೆಯ ರಡ್ಡರ್, ಹೀಗೆ ಎಲ್ಲ ಕಂಟ್ರೋಲ್ ಅಂಚುಗಳಿಗೂ ಲಾಕ್ ಹಾಕಿ. ಟ್ರೈಲರ್ ಮೇಲೆ ವಿಮಾನ ಹಿಂದುಮುಂದಾಗಿ ನಿಂತಿದ್ದರೆ ಗಂಟೆಗೆ 80 ಕಿಲೋಮೀಟರ್ ಗಾಳಿ ರಡ್ಡರ್‌ನ ಹಿಂದಿನಿಂದ ಬಡಿಯುತ್ತದೆ. ಅದು ಆ ದಿಕ್ಕಿನ ಗಾಳಿಗೆ ಮಾಡಿದ್ದಲ್ಲ. ಸೀಟ್ ಬೆಲ್ಟ್‌ನಿಂದ ಪೈಲಟ್ ಹಿಡಿಯುವ ಸ್ಟಿಕ್ ಕಟ್ಟಿದರೆ ಸಾಲದು, ಹೊರಗಿನಿಂದ ಅಂಚಿಗೇ ಲಾಕ್ ಬೇಕು. ಎರಡು ಎಲೆಯ ಪ್ರೊಪೆಲರ್ ಅಡ್ಡಲಾಗಿ ನಿಲ್ಲಿಸಿ ಕಟ್ಟಿ. ಪಿಟೊ ಕೊಳವೆ, ಎಂಜಿನ್‌ನ ಗಾಳಿ ದ್ವಾರ ಮುಚ್ಚಿ.

ಹೊದಿಕೆ ಬಗ್ಗೆ ಎರಡು ಮಾತು. ಸಡಿಲ ಹೊದಿಕೆ ಹೊದಿಕೆ ಇಲ್ಲದ್ದಕ್ಕಿಂತ ಕೆಟ್ಟದ್ದು. ಅದು ಗಾಳಿಗೆ ಪಟಪಟ ಬಡಿಯುತ್ತ, ಕೆಳಗೆ ಸಿಕ್ಕಿದ ಧೂಳಿನಿಂದ ಗಾಜನ್ನೆಲ್ಲ ಉಜ್ಜಿ ಮಂಜು ಮಾಡುತ್ತದೆ. ಇನ್ನು ಫೈಬರ್ ವಿಮಾನಕ್ಕೆ ಕಪ್ಪು ಅಥವಾ ಗಾಢ ಬಣ್ಣದ ಹೊದಿಕೆ ಹಾಕಿ ಬಿಸಿಲಲ್ಲಿ ನಿಲ್ಲಿಸಲೇಬಾರದು. ಇವಕ್ಕೆ ಬಿಳಿ ಬಣ್ಣ ಬಳಿಯುವುದು ಚೆಂದಕ್ಕಲ್ಲ. ಫೈಬರನ್ನು ಹಿಡಿದಿಡುವ ರಾಳ ಕಾದರೆ ಮೆತ್ತಗಾಗುತ್ತದೆ, ಆಕಾರ ಕೆಡುತ್ತದೆ.

ರಸ್ತೆಯಲ್ಲಿ

ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ಕಡ್ಡಾಯವಾಗಿ ನಿಲ್ಲಿಸಿ. ಬೆಲ್ಟ್‌ಗಳು ಆ ಮೊದಲ ದೂರದಲ್ಲೇ ಸಡಿಲಾಗುವುದು ಜಾಸ್ತಿ. ಟ್ರೈಲರ್‌ನ ಪ್ರತಿ ಚಕ್ರದ ನಡುವಿನ ಹಬ್ ಹತ್ತಿರ ಹುಷಾರಾಗಿ ಕೈ ತನ್ನಿ. ಬೆಚ್ಚಗಿದ್ದರೆ ಪರವಾಗಿಲ್ಲ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಬೇರಿಂಗ್ ಕೆಡುತ್ತಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ ಅಂತ ಅರ್ಥ.

ಟ್ರೈಲರ್ ಟೈರ್‌ಗಳು ಓಡಿ ಸವೆಯುವುದು ಕಡಿಮೆ, ನಿಂತು ಹಳತಾಗಿ ಬಿರಿಯುವುದೇ ಜಾಸ್ತಿ. ಟೈರಿನ ಮೇಲಿನ ಟ್ರೆಡ್ ಚೆನ್ನಾಗಿದೆ ಅಂತ ಮೋಸಹೋಗಬೇಡಿ, ಪಕ್ಕದ ಗೋಡೆಯ ಬಿರುಕು ನೋಡಿ. ಸ್ಟೆಪ್ನಿ ಇರಲಿ, ಟ್ರೈಲರ್‌ಗೆ ಹೊಂದುವ ಜ್ಯಾಕ್ ಇರಲಿ. ಬ್ರಿಟನ್ನಿನಲ್ಲಿ ಟ್ರೈಲರ್ ಎಳೆಯುವ ಕಾರಿಗೆ ಮೋಟಾರ್‌ವೇಯಲ್ಲಿ ಗಂಟೆಗೆ 60 ಮೈಲಿ, ನಡುವೆ ವಿಭಜಕ ಇಲ್ಲದ ಸಾಮಾನ್ಯ ರಸ್ತೆಯಲ್ಲಿ 50 ಮೈಲಿ ಮಿತಿ. ಅಡ್ಡಗಾಳಿ ಇದ್ದರೆ ಅದಕ್ಕಿಂತಲೂ ನಿಧಾನ ಹೋಗಿ. ಹೊರಳಾಟ ಶುರುವಾದರೆ ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ. ಬ್ರೇಕ್ ಜೋರಾಗಿ ತುಳಿಯಬೇಡಿ.

ಮತ್ತೆ ಜೋಡಿಸುವುದು

ಇಲ್ಲಿಂದ ಮುಂದೆ ನಿಧಾನ. ಏರ್‌ಫೀಲ್ಡ್‌ನಲ್ಲಿ ಟ್ರೈಲರ್ ಬಾಗಿಲು ತೆರೆದ ಕೂಡಲೇ ಜನ ಸೇರುತ್ತಾರೆ. ಎಲ್ಲರೂ ಒಳ್ಳೆಯವರೇ, ಕುತೂಹಲ ಇರುವವರೇ. ಎಷ್ಟು ಖರ್ಚಾಯ್ತು, ಎಷ್ಟು ವರ್ಷ ಹಿಡೀತು ಅಂತ ಕೇಳುತ್ತಾರೆ. ನಯವಾಗಿ, ಆದರೆ ಖಡಾಖಂಡಿತವಾಗಿ ಹೇಳಿ: "ಜೋಡಣೆ ಮುಗಿಸಿ ಬರ್ತೀನಿ, ಆಮೇಲೆ ಟೀ ಕುಡೀತಾ ಎಲ್ಲ ಹೇಳ್ತೀನಿ." ಫೋನ್ ಕಾರಿನಲ್ಲಿಡಿ. ನಡುವೆ ಯಾರಾದರೂ ಮಾತಾಡಿಸಿ ಗಮನ ತಪ್ಪಿದರೆ ಎಲ್ಲಿ ನಿಲ್ಲಿಸಿದ್ದೆ ಅಂತ ನೆನಪಿಸಿಕೊಳ್ಳಲು ಹೋಗಬೇಡಿ. ಆ ರೆಕ್ಕೆಯ ಕೆಲಸಗಳ ಪಟ್ಟಿಯನ್ನು ಮೊದಲಿನಿಂದ ಮತ್ತೆ ಶುರುಮಾಡಿ. ಮುದ್ರಿಸಿದ ಪಟ್ಟಿ ಬೇಕೇಬೇಕು, ಒಂದೊಂದಕ್ಕೂ ಪೆನ್ಸಿಲ್ ಗುರುತು ಹಾಕಿ. ಐವತ್ತು ಸಲ ಮಾಡಿದವರಿಗೂ ಪಟ್ಟಿ ಬೇಕು. ಕೈಗೆ ರೂಢಿಯಾದ ಮೇಲೆಯೇ ಮನಸ್ಸು ಬೇರೆ ಕಡೆ ಹೋಗುವುದು.

ಮೊದಲು ಸ್ವಚ್ಛತೆ. ಪಿನ್, ಪಿನ್‌ನ ತೂತು, ಕೀಲುಗುಂಡುಗಳನ್ನು ಬಟ್ಟೆಯಿಂದ ಒರೆಸಿ, ಕೈಪಿಡಿ ಹೇಳಿದ ಗ್ರೀಸ್ ತೆಳ್ಳಗೆ ಸವರಿ. ಹಳೆಯ ಗ್ರೀಸ್ ಮೇಲೆ ಹೊಸದು ಬಳಿಯಬೇಡಿ, ಅದರಲ್ಲಿ ರಸ್ತೆಯ ಮರಳು ಸೇರಿರುತ್ತದೆ. ಒರೆಸುವಾಗಲೇ ಬೆರಳಿನಲ್ಲಿ ತಡವಿ ನೋಡಿ. ಗೀರು, ತುಕ್ಕು, ಮೆಟ್ಟಿಲಿನಂಥ ಸವೆತ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ.

ರೆಕ್ಕೆಯನ್ನು ಒಡಲಿನ ನೇರಕ್ಕೆ ತಂದು ನಿಧಾನವಾಗಿ ಒಳಗೆ ಸರಿಸಿ. ಬುಡದಲ್ಲಿ ಒಬ್ಬರು ಕಣ್ಣಿಟ್ಟಿರಲಿ. ತಂತಿ, ಪಿಟೊದ ಕೊಳವೆ ನಡುವೆ ಸಿಕ್ಕಿ ಚಪ್ಪಟೆಯಾಗುವುದು ಇದೇ ಹೊತ್ತಿನಲ್ಲಿ. ಕೊನೆಯ ಎರಡು ಬೆರಳಿನಷ್ಟು ದೂರ ಸರಿಯಲೊಲ್ಲದು ಅಂದರೆ ತಳ್ಳಬೇಡಿ. ಎಲ್ಲೋ ಏನೋ ತಾಗುತ್ತಿದೆ, ಅಥವಾ ಫ್ಲ್ಯಾಪ್ ಬೇರೆ ಸ್ಥಾನದಲ್ಲಿದೆ. ಹೊರಗೆಳೆದು ನೋಡಿ. ತೂತುಗಳನ್ನು ನೇರ ತರಲು ಮೊನೆ ಚೂಪಾದ ಒಂದು ಸರಳು ಮಾಡಿಟ್ಟುಕೊಳ್ಳಿ. ಅದನ್ನು ತೂರಿಸಿ, ತುದಿಯವರು ರೆಕ್ಕೆ ಆಡಿಸಿ, ತೂತು ಕೂಡಿಬಂದಾಗ ಅಸಲಿ ಪಿನ್ ಹಾಕಿ. ಬೆರಳನ್ನು ತೂತಿನಲ್ಲಿ ಹಾಕಿ ಮಾತ್ರ ನೋಡಬೇಡಿ! ರೆಕ್ಕೆ ಒಂದಿಷ್ಟು ಜಾರಿದರೆ ಬೆರಳು ಹೋಗುತ್ತದೆ.

ಪಿನ್ ಹೋದ ಕೂಡಲೇ ಅದರ ಸೇಫ್ಟಿ. ಎಲ್ಲ ಪಿನ್ ಹಾಕಿ ಆಮೇಲೆ ಎಲ್ಲಕ್ಕೂ ಒಟ್ಟಿಗೆ ಕ್ಲಿಪ್ ಹಾಕೋಣ ಅನ್ನುವುದು ಮರೆವಿಗೆ ಕೊಟ್ಟ ಆಹ್ವಾನ. ಒಂದು ಪಿನ್, ಒಂದು ಕ್ಲಿಪ್, ಪಟ್ಟಿಯಲ್ಲಿ ಒಂದು ಗುರುತು. ಗುಂಡಿ ಒತ್ತಿ ಹಾಕುವ ಪಿಪ್ ಪಿನ್ ಆದರೆ, ಗುಂಡಿ ಬಿಟ್ಟ ಮೇಲೆ ಎಳೆದು ನೋಡಿ. ಇನ್ನೊಂದು ಕಡೆ ಆ ಪುಟ್ಟ ಗುಂಡುಗಳು ಪೂರ್ತಿ ಹೊರಬಂದದ್ದು ಕಾಣಬೇಕು. ಕಾಣದ ಜಾಗದಲ್ಲಿದ್ದರೆ ಟಾರ್ಚು, ಚಿಕ್ಕ ಕನ್ನಡಿ ಬಳಸಿ.

ನಟ್ ಬೋಲ್ಟ್ ಇರುವ ಕಡೆ ಕೆಲವು ಹಳೆಯ ನಿಯಮಗಳಿವೆ, ಒಂದನ್ನೂ ಬಿಡಬೇಡಿ. ತಿರುಗುವ ಕೀಲಿಗೆ, ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ ಒಂದೇ ಸಾಲದು. ಅಲ್ಲಿ ತಲೆಯಲ್ಲಿ ಸೀಳುಗಳಿರುವ ಕಿರೀಟದ ನಟ್, ಆ ಸೀಳಿನಲ್ಲಿ ತೂರಿಸಿ ಕಾಲು ಮಡಚಲು ಹೊಸ ಸ್ಪ್ಲಿಟ್ ಪಿನ್. ಬಿಚ್ಚಿದ ಸ್ಪ್ಲಿಟ್ ಪಿನ್ ಮತ್ತೆ ಬಳಸಬಾರದು. ನೈಲಾಕ್ ನಟ್ ಬೆರಳಿನಲ್ಲೇ ಪೂರ್ತಿ ತಿರುಗಿದರೆ ಅದರ ಕಾಲ ಮುಗಿಯಿತು, ಬಿಸಾಡಿ. ಬಿಗಿದ ಮೇಲೆ ನಟ್‌ನ ಹೊರಗೆ ಬೋಲ್ಟಿನ ತಿರುಪು ಕಡಿಮೆ ಅಂದರೆ ಒಂದು ಸುತ್ತು ಕಾಣಬೇಕು. ವಿಮಾನಕ್ಕೆ ಬಳಸುವ ಕಾಲಿಂಚಿನ ಎಎನ್ ಬೋಲ್ಟ್‌ಗೆ ಸಾಮಾನ್ಯ ಬಿಗಿ 50ರಿಂದ 70 ಇಂಚು-ಪೌಂಡ್. ಇದು ತುಂಬಾ ಕಡಿಮೆ ಬಲ. ಕಾರಿನ ಚಕ್ರ ಬಿಗಿದು ಅಭ್ಯಾಸ ಇರುವ ಕೈಗೆ ಅಂದಾಜು ಸಿಗುವುದಿಲ್ಲ, ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಹಿಡಿಯಿರಿ.

ಕಂಟ್ರೋಲ್ ಪರೀಕ್ಷೆ

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಸ್ಟಿಕ್ ಆಡಿಸಿದೆ, ಏಲೆರಾನ್ ಆಡಿತು, ಸರಿಯಾಗಿದೆ. ಹೀಗಂದುಕೊಂಡವರು ಸತ್ತಿದ್ದಾರೆ. ರಾಡ್‌ನ ತುದಿಯ ಬಟ್ಟಲು ಗುಂಡಿನ ಮೇಲೆ ಸುಮ್ನೆ ಕೂತಿದ್ದರೂ, ಲಾಕ್ ಆಗದಿದ್ದರೂ ನೆಲದ ಮೇಲೆ ಏಲೆರಾನ್ ಆಡುತ್ತದೆ. ಗಾಳಿಯ ಒತ್ತಡ ಬಂದಾಗ ಕಳಚುತ್ತದೆ. ಗ್ಲೈಡರ್‌ಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ಲೋಟೆಲಿಯೆ ಎಂಬ ಗುಂಡು-ಬಟ್ಟಲಿನ ಜೋಡಣೆ ಹೀಗೆ ಕಳಚಿ ಅಪಘಾತಗಳಾದವು. ಅದಕ್ಕೇ ಅದಕ್ಕೊಂದು ಪ್ರತ್ಯೇಕ ಸೇಫ್ಟಿ ಪಿನ್ ಅಥವಾ ಕವಚ ಇರಲೇಬೇಕು ಎಂಬ ನಿಯಮ ಬಂತು. ಆಮೇಲಿನ ಗ್ಲೈಡರ್‌ಗಳಿಗೆ ತಾನಾಗಿಯೇ ಕೂರುವ ಜೋಡಣೆಗಳು ಬಂದದ್ದಕ್ಕೂ ಇದೇ ಕಾರಣ.

ಹಾಗಾಗಿ ಗ್ಲೈಡರ್‌ನವರು ರೂಢಿಗೆ ತಂದ ಪರೀಕ್ಷೆ ಮಾಡಿ. ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂರಬೇಕು. ಇನ್ನೊಬ್ಬರು ಹೊರಗೆ ಏಲೆರಾನನ್ನು ಎರಡೂ ಅಂಗೈಯಿಂದ, ಅಗಲವಾಗಿ, ಗಟ್ಟಿಯಾಗಿ ಹಿಡಿದು ಅಲ್ಲಾಡದಂತೆ ನಿಲ್ಲಬೇಕು. ಆಮೇಲೆ ಮಾತು ಹೀಗೆ ನಡೆಯುತ್ತದೆ:

"ಎಡ ಏಲೆರಾನ್ ಹಿಡ್ಕೊಂಡಿದ್ದೀನಿ. ಸ್ಟಿಕ್ ಎಡಕ್ಕೆ ತಳ್ಳಿ."

"ತಳ್ತಾ ಇದ್ದೀನಿ. ಗಟ್ಟಿ ಇದೆ."

"ನನಗೂ ಒತ್ತಡ ಗೊತ್ತಾಗ್ತಿದೆ. ಈಗ ಬಲಕ್ಕೆ."

"ಬಲಕ್ಕೆ... ಗಟ್ಟಿ ಇದೆ."

ಎರಡೂ ದಿಕ್ಕಿಗೆ ಒತ್ತಡ ಬರಬೇಕು. ಒಂದು ದಿಕ್ಕಿನಲ್ಲಿ ಮಾತ್ರ ಒತ್ತಡ ಬಂದು ಇನ್ನೊಂದರಲ್ಲಿ ಸ್ಟಿಕ್ ಸಲೀಸಾಗಿ ಹೋದರೆ ಜೋಡಣೆ ಕೂತಿಲ್ಲ. ಬಹಳ ಬಲ ಹಾಕಬೇಕಿಲ್ಲ, ಸ್ಟಿಕ್‌ನ ಹಿಂದೆ ಗಟ್ಟಿಯಾದ ಪ್ರತಿರೋಧ ಇದೆ ಅಂತ ಇಬ್ಬರಿಗೂ ಖಚಿತವಾದರೆ ಸಾಕು. ಹೀಗೇ ಬಲ ಏಲೆರಾನ್, ಎಲಿವೇಟರ್, ರಡ್ಡರ್, ಫ್ಲ್ಯಾಪ್, ಸ್ಟಿಕ್ ಮೇಲಿನ ಭಾರ ತಗ್ಗಿಸುವ ಟ್ರಿಮ್. ಬಾಲದ ರೆಕ್ಕೆ ಎರಡು ತುಂಡಾಗಿ ಬರುವ ವಿಮಾನದಲ್ಲಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ ಪರೀಕ್ಷೆ. ತಾನಾಗಿಯೇ ಜೋಡಣೆಯಾಗುವ ವಿಮಾನಕ್ಕೂ ಇದು ಬೇಕು. ತಾನಾಗಿ ಕೂರಬೇಕಾದ್ದು ಕೂರದೆಯೂ ಇರಬಹುದಲ್ವಾ?

ಆಮೇಲೆ ದಿಕ್ಕಿನ ಪರೀಕ್ಷೆ. ಕೇಬಲ್ ಅದಲುಬದಲಾಗಿ ಸ್ಟಿಕ್ ಎಡಕ್ಕೆ ತಳ್ಳಿದರೆ ವಿಮಾನ ಬಲಕ್ಕೆ ಹೊರಳುವ ಹಾಗಾದ ಪ್ರಸಂಗಗಳು ದೊಡ್ಡ ವಿಮಾನಗಳಲ್ಲೂ ನಡೆದಿವೆ. ಸ್ಟಿಕ್ ಹಿಡಿದ ಮುಷ್ಟಿಯ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ. ಸ್ಟಿಕ್ ವಾಲಿಸಿದಾಗ ಹೆಬ್ಬೆರಳು ಯಾವ ಕಡೆ ತೋರಿಸುತ್ತದೋ ಆ ಕಡೆಯ ಏಲೆರಾನ್ ಮೇಲೇಳಬೇಕು. ಸ್ಟಿಕ್ ಹಿಂದಕ್ಕೆ ಎಳೆದರೆ ಎಲಿವೇಟರ್‌ನ ಹಿಂದಿನ ಅಂಚು ಮೇಲೆ. ಎಡ ಪೆಡಲ್ ತುಳಿದರೆ ರಡ್ಡರ್ ಎಡಕ್ಕೆ. ಕಣ್ಣಿನಿಂದ ನೋಡಿ, ಬಾಯಿ ಬಿಟ್ಟು ಹೇಳಿ.

ಕೊನೆಗೆ ಎರಡನೆಯ ಕಣ್ಣು. ಬ್ರಿಟನ್ನಿನಲ್ಲಿ ಕಂಟ್ರೋಲ್ ಜೋಡಣೆಗೆ ಕೈ ಹಾಕಿದ ಮೇಲೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿ ಸಹಿ ಹಾಕುವ ಕ್ರಮ ಇದೆ. ಇದು ಕಡ್ಡಾಯ ಅಲ್ಲದ ಕಡೆಯೂ ಮಾಡಿ. ಜೋಡಣೆಗೆ ಕೈ ಹಾಕದ, ವಿಮಾನ ತಿಳಿದ ಒಬ್ಬರನ್ನು ಕರೆಯಿರಿ. ಪಟ್ಟಿ ಕೈಗೆ ಕೊಟ್ಟು ನೀವು ದೂರ ನಿಲ್ಲಿ. ನೀವು ಪಕ್ಕದಲ್ಲಿ ನಿಂತು "ಅದು ಆಯ್ತು, ಇದು ಆಯ್ತು" ಅಂತ ಹೇಳಿಕೊಟ್ಟರೆ ಅವರು ನೋಡುವುದು ನಿಮ್ಮ ಮುಖ, ಪಿನ್ ಅಲ್ಲ.

ಎಂಜಿನ್ ಶುರುಮಾಡುವ ಮೊದಲು

ರೆಕ್ಕೆಯ ತುದಿ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ. ಬುಡದ ಹತ್ತಿರ ಒಬ್ಬರು ಕಿವಿಗೊಡಲಿ. ಹಿಂದಿನ ಸಲ ಇರದಿದ್ದ "ಟಕ್" ಸದ್ದು ಬಂದರೆ ಪಿನ್ ಅಥವಾ ಅದು ಕೂರುವ ಬಳೆ (ಬುಷ್) ಸವೆದಿದೆ. ಪಿಟೊ ಕೊಳವೆಯ ಜೋಡಣೆ ನೋಡಿ, ಅದು ಬಿಟ್ಟುಹೋಗಿದ್ದರೆ ರನ್‌ವೇ ಮೇಲೆ ಓಡುವಾಗ ವೇಗದ ಮುಳ್ಳು ಏಳುವುದೇ ಇಲ್ಲ. ಆಗ ತಕ್ಷಣ ನಿಲ್ಲಿಸಿ. ಬ್ಯಾಟರಿ ಸೇರಿಸಿ, ದೀಪಗಳನ್ನು ನೋಡಿ. ಇಂಧನ ಪೈಪ್ ಬಿಚ್ಚಿದ್ದರೆ ಸೋರಿಕೆ ನೋಡಿ, ಟ್ಯಾಂಕ್‌ನ ತಳದಿಂದ ಸ್ವಲ್ಪ ಇಳಿಸಿ ನೀರು ಇದೆಯಾ ಪರೀಕ್ಷಿಸಿ. ಹೊರಗಿನ ಲಾಕ್‌ಗಳು, ಪಿಟೊ ಮುಚ್ಚಳ, ಎಂಜಿನ್ ಮುಚ್ಚಳ ಎಲ್ಲ ಬಂದವಾ ಅಂತ ಎಣಿಸಿ. ಇವಕ್ಕೆಲ್ಲ ಉದ್ದದ ಕೆಂಪು ಪಟ್ಟಿ ಕಟ್ಟಿರಬೇಕು. ಪಿನ್ ಹಲಗೆ ಖಾಲಿ ಇದೆಯಾ ಮತ್ತೊಮ್ಮೆ ನೋಡಿ. ಸ್ಪ್ಯಾನರ್‌ಗಳನ್ನೂ ಎಣಿಸಿ. ಸೀಟಿನ ಹಿಂದೆ ಬಿಟ್ಟ ಒಂದು ಸ್ಪ್ಯಾನರ್ ಕಂಟ್ರೋಲ್ ರಾಡ್‌ಗೆ ಅಡ್ಡ ಸಿಕ್ಕಿದರೆ ಸಾಕು.

ಜೋಡಿಸಿದ ದಿನ ಮೊದಲ ಹಾರಾಟ ಒಬ್ಬರೇ ಮಾಡಿ, ಏರ್‌ಫೀಲ್ಡ್ ಸುತ್ತಲೇ ಒಂದು ಸುತ್ತು. ಕೈ ಬಿಟ್ಟರೆ ವಿಮಾನ ಮೊದಲಿನ ಹಾಗೆ ನೇರ ಹೋಗುತ್ತದಾ, ಟ್ರಿಮ್ ಅದೇ ಜಾಗದಲ್ಲಿದೆಯಾ, ಹೊಸ ನಡುಕ ಇದೆಯಾ ಗಮನಿಸಿ. ಇಳಿದು ಎಂಜಿನ್ ಆರಿಸಿದ ಮೇಲೆ ಪ್ರತಿ ಪಿನ್, ಪ್ರತಿ ಕ್ಲಿಪ್ ಇನ್ನೊಮ್ಮೆ ಮುಟ್ಟಿ ನೋಡಿ. ಎಲ್ಲ ಇದ್ದಲ್ಲೇ ಇದ್ದರೆ ಪಕ್ಕದ ಸೀಟಿಗೆ ಯಾರನ್ನಾದರೂ ಕರೆದುಕೊಳ್ಳಬಹುದು.